ಲಿಯಾನ್ ಥೆರೆಮಿನ್

ಲಿಯಾನ್ ಥೆರೆಮಿನ್ (ಆಗಸ್ಟ್ 27, 1896 - ನವೆಂಬರ್ 3, 1993) ರಷ್ಯಾದ ಭೌತವಿಜ್ಞಾನಿ, ಸಂಗೀತಗಾರ ಮತ್ತು ಆವಿಷ್ಕಾರಕ. ಇವರ ಮೂಲ ಹೆಸರು ಲೆವ್ ಸೆರ್ಗೆಯೆವಿಚ್ ಟೆರ್ಮೆನ್. ಕೈಯಿಂದ ಮುಟ್ಟದೆಯೇ ನುಡಿಸಬಹುದಾದ 'ಥೆರೆಮಿನ್' ಎಂಬ ವಿದ್ಯುನ್ಮಾನ ವಾದ್ಯವನ್ನು ನಿರ್ಮಿಸಿದ ಕೀರ್ತಿ ಇವರದು. ಸಿಂಥಸೈಸರ್, ಡ್ರಮ್ ಮಷೀನ್ ಮುಂತಾದ ಉಪಕರಣಗಳನ್ನು ಅವಲಂಬಿಸಿರುವ ಇಂದಿನ ವಿದ್ಯುನ್ಮಾನ ಸಂಗೀತ ಮತ್ತು ನೃತ್ಯಸಂಗೀತದ ಮೂಲಪುರುಷರಲ್ಲಿ ಇವರೂ ಒಬ್ಬರು. ಇದೇ ಪ್ರತಿಭೆಯನ್ನು ಸೋವಿಯತ್ ಗುಪ್ತಚರ ಇಲಾಖೆಯು ಕದ್ದಾಲಿಕೆಯ ಸಾಧನಗಳಿಗಾಗಿ ಬಳಸಿಕೊಂಡದ್ದು ಇವರ ಬದುಕಿನ ಇನ್ನೊಂದು ಮುಖ.

ಜನನ ಮತ್ತು ವಿದ್ಯಾಭ್ಯಾಸ

ಥೆರೆಮಿನ್ ಅವರು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ, ಫ್ರೆಂಚ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರಿಗೆ ವಿಜ್ಞಾನ ಮತ್ತು ಸಂಗೀತಗಳೆರಡರಲ್ಲಿಯೂ ಸಮಾನವಾದ ಒಲವಿತ್ತು. ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಹಾಗೂ ಖಗೋಳಶಾಸ್ತ್ರವನ್ನು ಅಭ್ಯಾಸ ಮಾಡುತ್ತಲೇ ಸಂಗೀತ ಶಾಲೆಯಲ್ಲಿ ಚೆಲ್ಲೋ ವಾದನವನ್ನು ಕಲಿತರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯವನ್ನು ಸೇರಿ ರೇಡಿಯೋ ತಂತ್ರಜ್ಞಾನದಲ್ಲಿ ಪರಿಣತಿ ಪಡೆದರು. ಕ್ರಾಂತಿಯ ನಂತರ ಪ್ರಸಿದ್ಧ ಭೌತವಿಜ್ಞಾನಿ ಅಬ್ರಾಮ್ ಇಯೋಫೆ ಅವರ ಆಹ್ವಾನದ ಮೇರೆಗೆ ಪೆಟ್ರೋಗ್ರಾಡ್‌ನ ಭೌತ-ತಾಂತ್ರಿಕ ಸಂಸ್ಥೆಯಲ್ಲಿ ಸಂಶೋಧಕರಾದರು.

ವಾದ್ಯದ ಹುಟ್ಟು

1920ರಲ್ಲಿ ಅವರು ಅನಿಲಗಳ ವಿದ್ಯುತ್ ಗುಣಗಳನ್ನು ಅಳೆಯುವ ಉಪಕರಣವೊಂದನ್ನು ಸಿದ್ಧಪಡಿಸುತ್ತಿದ್ದರು. ಆ ಉಪಕರಣದ ಸಮೀಪ ಕೈಯನ್ನು ಚಲಿಸಿದಾಗ ಅದರಿಂದ ಹೊರಡುವ ಧ್ವನಿಯ ಸ್ಥಾಯಿ ಏರಿಳಿಯುವುದನ್ನು ಗಮನಿಸಿದರು. ಬೇರೆಯವರು ಅದನ್ನು ಅಳತೆಗೆ ಅಡ್ಡಿಯಾದ ದೋಷವೆಂದು ಭಾವಿಸಿ ನಿವಾರಿಸುತ್ತಿದ್ದರೇನೋ. ಚೆಲ್ಲೋ ವಾದಕರಾಗಿದ್ದ ಥೆರೆಮಿನ್ ಅವರಿಗೆ ಅದರಲ್ಲಿ ಸಂಗೀತ ಕೇಳಿಸಿತು. ಪರಿಚಿತ ರಾಗಗಳನ್ನು ಅದರಲ್ಲಿ ನುಡಿಸಲು ತೊಡಗಿ, ಕ್ರಮೇಣ ಅದನ್ನು ಪೂರ್ಣಪ್ರಮಾಣದ ವಾದ್ಯವನ್ನಾಗಿ ಬೆಳೆಸಿದರು.

ಈ ವಾದ್ಯದ ತತ್ವ ಸರಳವಾದುದು. ಪೆಟ್ಟಿಗೆಯೊಳಗೆ ಕಿವಿಗೆ ಕೇಳಿಸದಷ್ಟು ಅಧಿಕ ಆವೃತ್ತಿಯ ಎರಡು ವಿದ್ಯುತ್ ಆಂದೋಲಕಗಳಿರುತ್ತವೆ. ಒಂದರ ಆವೃತ್ತಿ ಸ್ಥಿರವಾದದ್ದು. ಇನ್ನೊಂದರದು ನೆಟ್ಟಗೆ ನಿಂತ ಆಂಟೆನಾದ ಬಳಿ ವಾದಕರ ಕೈ ಸರಿದಂತೆ ಬದಲಾಗುತ್ತದೆ. ಇವೆರಡರ ನಡುವಣ ವ್ಯತ್ಯಾಸವೇ ನಮಗೆ ಸ್ವರವಾಗಿ ಕೇಳಿಸುತ್ತದೆ. ಬಲಗೈ ಆಂಟೆನಾಕ್ಕೆ ಹತ್ತಿರವಾದಷ್ಟೂ ಸ್ವರ ಏರುತ್ತದೆ. ಪಕ್ಕದಲ್ಲಿರುವ ಬಳೆಯಾಕಾರದ ಮತ್ತೊಂದು ಆಂಟೆನಾದ ಮೇಲೆ ಎಡಗೈಯನ್ನು ಏರಿಳಿಸಿ ಧ್ವನಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಮೆಟ್ಟಿಲುಗಳಾಗಲಿ, ತಂತಿಯಾಗಲಿ, ಕೀಲಿಮಣೆಯಾಗಲಿ ಇಲ್ಲದ ಕಾರಣ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಸಾಗುವುದು ಇದರಲ್ಲಿ ಸಹಜ. ಆದರೆ ಸ್ವರಸ್ಥಾನವನ್ನು ಬರಿಯ ಗಾಳಿಯಲ್ಲಿ, ಕಿವಿಯೊಂದನ್ನೇ ನಂಬಿ ಹುಡುಕಬೇಕಾದುದರಿಂದ ಇದನ್ನು ಶುದ್ಧವಾಗಿ ನುಡಿಸುವುದು ಬಹಳ ಕಷ್ಟ.

1922ರಲ್ಲಿ ಥೆರೆಮಿನ್ ಅವರು ಕ್ರೆಮ್ಲಿನ್‌ನಲ್ಲಿ ವಿ. ಐ. ಲೆನಿನ್ ಅವರೆದುರು ಈ ವಾದ್ಯವನ್ನು ಪ್ರದರ್ಶಿಸಿದರು. ಅದೇ ತತ್ವದ ಆಧಾರದ ಮೇಲೆ ರಚಿಸಿದ್ದ, ಯಾರಾದರೂ ಸಮೀಪಿಸಿದರೆ ಎಚ್ಚರಿಕೆ ನೀಡುವ ಕಾವಲು ಯಂತ್ರವನ್ನೂ ತೋರಿಸಿದರು. ಲೆನಿನ್ ಸ್ವತಃ ವಾದ್ಯವನ್ನು ನುಡಿಸಿ ನೋಡಿದರು. ದೇಶದ ವಿದ್ಯುದೀಕರಣವನ್ನು ಮಹತ್ವದ ಗುರಿಯಾಗಿರಿಸಿಕೊಂಡಿದ್ದ ಅವರಿಗೆ ವಿದ್ಯುತ್ತಿನಿಂದ ಹಾಡುವ ಈ ಯಂತ್ರ ಮೆಚ್ಚುಗೆಯಾಯಿತು. ಅವರ ಪ್ರೋತ್ಸಾಹದಿಂದ ಥೆರೆಮಿನ್ ದೇಶದಾದ್ಯಂತ ಪ್ರದರ್ಶನಗಳನ್ನು ನೀಡಿದರು. ಇದೇ ದಶಕದಲ್ಲಿ ದೂರದರ್ಶನದ ಪ್ರಯೋಗಗಳಲ್ಲಿಯೂ ತೊಡಗಿ, 1926ರಲ್ಲಿ ಚಲಿಸುವ ಚಿತ್ರವನ್ನು ದೂರಕ್ಕೆ ರವಾನಿಸುವ ವ್ಯವಸ್ಥೆಯನ್ನು ಪ್ರದರ್ಶಿಸಿದರು.

ಅಮೆರಿಕ ವಾಸ

1927ರಲ್ಲಿ ಥೆರೆಮಿನ್ ಯುರೋಪ್ ಪ್ರವಾಸ ಕೈಗೊಂಡರು. ಜರ್ಮನಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಸಭಾಂಗಣಗಳು ಅವರ ಪ್ರದರ್ಶನಕ್ಕೆ ತುಂಬಿ ತುಳುಕಿದವು. ಆ ವರ್ಷದ ಕೊನೆಯಲ್ಲಿ ಅವರು ನ್ಯೂಯಾರ್ಕ್ ತಲುಪಿದರು. 1928ರಲ್ಲಿ ವಾದ್ಯಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಆರ್‌ಸಿಎ ಕಂಪನಿಯು ತಯಾರಿಕೆಯ ಹಕ್ಕನ್ನು ಪಡೆದು 1929ರಲ್ಲಿ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಆದರೆ ಅದೇ ವರ್ಷ ಷೇರು ಮಾರುಕಟ್ಟೆ ಕುಸಿಯಿತು. ಯಾರು ಬೇಕಾದರೂ ಸುಲಭವಾಗಿ ನುಡಿಸಬಹುದೆಂಬ ಜಾಹೀರಾತಿನ ಭರವಸೆಯೂ ಹುಸಿಯಾಯಿತು. ಸುಮಾರು 500 ವಾದ್ಯಗಳಷ್ಟೇ ತಯಾರಾಗಿ ಯೋಜನೆ ನಿಂತುಹೋಯಿತು.

ಥೆರೆಮಿನ್ ಅವರು ನ್ಯೂಯಾರ್ಕ್‌ನಲ್ಲಿಯೇ ಪ್ರಯೋಗಶಾಲೆಯನ್ನು ತೆರೆದು ಹೊಸ ಉಪಕರಣಗಳನ್ನು ರೂಪಿಸಿದರು. ಅವುಗಳಲ್ಲಿ ಎರಡು ಮುಖ್ಯವಾದವು. ಸಂಗೀತ ಸಂಯೋಜಕ ಹೆನ್ರಿ ಕೋವೆಲ್ ಅವರ ಕೋರಿಕೆಯಂತೆ 1931ರಲ್ಲಿ ನಿರ್ಮಿಸಿದ 'ರಿದ್ಮಿಕಾನ್', ಒಂದೇ ಸಮಯದಲ್ಲಿ ಹಲವು ಲಯಗಳನ್ನು ಹೊಮ್ಮಿಸಬಲ್ಲ ಯಂತ್ರ. ಇದನ್ನು ಡ್ರಮ್ ಮಷೀನ್‌ನ ಪೂರ್ವಜವೆಂದು ಪರಿಗಣಿಸಲಾಗುತ್ತದೆ. 'ಟೆರ್ಪ್‌ಸಿಟೋನ್' ಎಂಬುದು ನರ್ತಕರ ದೇಹದ ಚಲನೆಯಿಂದಲೇ ಸ್ವರ ಹೊರಡಿಸುವ ವೇದಿಕೆ. ಇದರ ಮೇಲೆ ನರ್ತಕರು ಸಂಗೀತಕ್ಕೆ ಹೆಜ್ಜೆ ಹಾಕುವುದಲ್ಲ, ಹೆಜ್ಜೆಗಳಿಂದಲೇ ಸಂಗೀತವನ್ನು ಹುಟ್ಟಿಸುತ್ತಿದ್ದರು.

ಕ್ಲಾರಾ ರಾಕ್‌ಮೋರ್

ವಿಲ್ನಿಯಸ್‌ನಲ್ಲಿ ಹುಟ್ಟಿದ ಕ್ಲಾರಾ ಅವರು ಎಳವೆಯಲ್ಲಿಯೇ ಪಿಟೀಲು ವಾದನದಲ್ಲಿ ಅಸಾಧಾರಣ ಪ್ರತಿಭೆ ತೋರಿದ್ದರು. ಕೈಯ ತೊಂದರೆಯಿಂದಾಗಿ ಪಿಟೀಲನ್ನು ಬಿಡಬೇಕಾದಾಗ ಥೆರೆಮಿನ್ ವಾದ್ಯವನ್ನು ಕೈಗೆತ್ತಿಕೊಂಡು ಅದರ ಶ್ರೇಷ್ಠ ವಾದಕಿಯೆನಿಸಿದರು. ಬೆರಳುಗಳ ವಿನ್ಯಾಸದಿಂದ ಸ್ವರಗಳನ್ನು ನಿಖರವಾಗಿ ಹಿಡಿಯುವ ತಮ್ಮದೇ ಪದ್ಧತಿಯನ್ನು ರೂಪಿಸಿದರು. ವಿಚಿತ್ರ ಯಂತ್ರವೆಂದು ಜನ ನೋಡಲು ಬರುತ್ತಿದ್ದ ಪೆಟ್ಟಿಗೆ ಗಂಭೀರ ಸಂಗೀತ ಕಛೇರಿಗೆ ಯೋಗ್ಯವಾದ ವಾದ್ಯವೆನಿಸಿದ್ದು ಬಹುಮಟ್ಟಿಗೆ ಇವರಿಂದ. ಥೆರೆಮಿನ್ ಅವರು ಕ್ಲಾರಾ ಅವರನ್ನು ಮದುವೆಯಾಗಲು ಬಯಸಿದ್ದರು. ಕ್ಲಾರಾ ಒಪ್ಪದೆ ವಕೀಲ ರಾಬರ್ಟ್ ರಾಕ್‌ಮೋರ್ ಅವರನ್ನು ವರಿಸಿದರು.

ಮೊದಲ ಪತ್ನಿ ಕಾತ್ಯಾ ಅವರಿಂದ ವಿಚ್ಛೇದನ ಪಡೆದಿದ್ದ ಥೆರೆಮಿನ್ ಮುಂದೆ ಆಫ್ರಿಕನ್-ಅಮೆರಿಕನ್ ನೃತ್ಯಗಾರ್ತಿ ಲವಿನಿಯಾ ವಿಲಿಯಮ್ಸ್ ಅವರನ್ನು ವಿವಾಹವಾದರು. ವರ್ಣಭೇದ ಪ್ರಬಲವಾಗಿದ್ದ ಆ ದಿನಗಳಲ್ಲಿ ಈ ಮದುವೆಯಿಂದಾಗಿ ಅವರು ಹಲವು ಪರಿಚಿತರ ಸ್ನೇಹವನ್ನು ಕಳೆದುಕೊಂಡರು.

ಸ್ವದೇಶಕ್ಕೆ ಮರಳಿಕೆ ಮತ್ತು ಸೆರೆವಾಸ

1938ರಲ್ಲಿ ಥೆರೆಮಿನ್ ಅವರು ಪತ್ನಿಯನ್ನು ನ್ಯೂಯಾರ್ಕ್‌ನಲ್ಲಿಯೇ ಬಿಟ್ಟು ಸೋವಿಯತ್ ಹಡಗೊಂದರಲ್ಲಿ ಸ್ವದೇಶಕ್ಕೆ ಹೊರಟುಹೋದರು. ಅವರನ್ನು ಸೋವಿಯತ್ ಗುಪ್ತಚರರು ಅಪಹರಿಸಿದರೆಂದು ಅನೇಕರು ದೀರ್ಘಕಾಲ ನಂಬಿದ್ದರು. ತಾವು ಸ್ವಇಚ್ಛೆಯಿಂದಲೇ ಮರಳಿದುದಾಗಿ ಅವರು ಮುಂದೆ ತಿಳಿಸಿದರು. ಆ ವೇಳೆಗೆ ಅವರು ಸಾಲದ ಸುಳಿಯಲ್ಲಿ ಸಿಲುಕಿದ್ದುದೂ ನಿಜ. ಲವಿನಿಯಾ ಅವರು ಗಂಡನನ್ನು ಮತ್ತೆ ನೋಡಲಿಲ್ಲ. ಮುಂದೆ ಹೈಟಿಯಲ್ಲಿ ನೃತ್ಯ ಶಿಕ್ಷಕಿಯಾಗಿ ಹೆಸರು ಗಳಿಸಿದ ಅವರು 1989ರಲ್ಲಿ ನಿಧನರಾದರು.

ಥೆರೆಮಿನ್ ಅವರು ಮರಳಿದ್ದು ಸ್ಟಾಲಿನ್ ಯುಗದ ದಮನದ ಕಾಲದಲ್ಲಿ. 1939ರಲ್ಲಿ ಅವರನ್ನು ಬಂಧಿಸಿ 8 ವರ್ಷಗಳ ಶಿಕ್ಷೆ ವಿಧಿಸಲಾಯಿತು. ಅತಿಶೀತ ಪ್ರದೇಶವಾದ ಕೊಲಿಮಾದ ಶ್ರಮಶಿಬಿರಕ್ಕೆ ಅವರನ್ನು ಕಳುಹಿಸಿದರು. ಅಲ್ಲಿಂದ ಅವರು ಬದುಕಿ ಬಂದದ್ದು ತಮ್ಮ ವಿದ್ಯೆಯ ಬಲದಿಂದ. ಬಂಧಿತ ವಿಜ್ಞಾನಿಗಳಿಂದ ಕೆಲಸ ಮಾಡಿಸುತ್ತಿದ್ದ 'ಶರಾಶ್ಕಾ' ಎಂಬ ರಹಸ್ಯ ಪ್ರಯೋಗಾಲಯಕ್ಕೆ ಅವರನ್ನು ವರ್ಗಾಯಿಸಲಾಯಿತು. ವಿಮಾನ ವಿನ್ಯಾಸಕ ತುಪೊಲೆವ್ ಮತ್ತು ಮುಂದೆ ಸೋವಿಯತ್ ಬಾಹ್ಯಾಕಾಶ ಯೋಜನೆಯ ರೂವಾರಿಯಾದ ಕೊರೊಲ್ಯೊವ್ ಅವರೂ ಆಗ ಇಂಥದೇ ಕೈದಿಗಳಾಗಿದ್ದರು.

ಕದ್ದಾಲಿಕೆಯ ಸಾಧನಗಳು

1945ರ ಆಗಸ್ಟ್‌ನಲ್ಲಿ ಸೋವಿಯತ್ ಬಾಲಕರ ತಂಡವೊಂದು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಸ್ನೇಹದ ಕುರುಹಾಗಿ ಮರದಲ್ಲಿ ಕೆತ್ತಿದ ಅಮೆರಿಕದ ರಾಷ್ಟ್ರಲಾಂಛನವನ್ನು ಕಾಣಿಕೆಯಾಗಿ ನೀಡಿತು. ಅದರೊಳಗೆ ಥೆರೆಮಿನ್ ರೂಪಿಸಿದ ಕದ್ದಾಲಿಕೆ ಸಾಧನ ಅಡಗಿತ್ತು. ಅದರಲ್ಲಿ ಬ್ಯಾಟರಿಯಾಗಲಿ, ತಂತಿಯಾಗಲಿ ಇರಲಿಲ್ಲ. ಹೊರಗಿನಿಂದ ರೇಡಿಯೋ ಅಲೆಗಳನ್ನು ಹಾಯಿಸಿದಾಗ ಮಾತ್ರ ಅದು ಎಚ್ಚೆತ್ತು, ಕೋಣೆಯ ಮಾತಿನಿಂದ ಕಂಪಿಸುವ ತೆಳು ಪೊರೆಯ ಮೂಲಕ ಸಂಭಾಷಣೆಯನ್ನು ಹೊರಸಾಗಿಸುತ್ತಿತ್ತು. 1952ರಲ್ಲಿ ಪತ್ತೆಯಾಗುವವರೆಗೆ, ಅಂದರೆ ಸುಮಾರು 7 ವರ್ಷಗಳ ಕಾಲ, ಅದು ರಾಯಭಾರಿಗಳ ನಿವಾಸದ ಗೋಡೆಯ ಮೇಲಿತ್ತು. ಕಿಟಕಿಯ ಗಾಜಿನ ಕಂಪನವನ್ನು ಅತಿಗೆಂಪು ಕಿರಣದಿಂದ ಗ್ರಹಿಸಿ ಒಳಗಿನ ಮಾತನ್ನು ಆಲಿಸುವ 'ಬುರಾನ್' ವ್ಯವಸ್ಥೆಯನ್ನೂ ಥೆರೆಮಿನ್ ರೂಪಿಸಿದರು. 1947ರಲ್ಲಿ ಅವರಿಗೆ ಬಿಡುಗಡೆಯ ಜೊತೆಗೆ ಸ್ಟಾಲಿನ್ ಪ್ರಶಸ್ತಿಯೂ ದೊರೆಯಿತು. ಬಿಡುಗಡೆಯ ನಂತರವೂ ಅವರು ಗುಪ್ತಚರ ಇಲಾಖೆಯ ಸೇವೆಯಲ್ಲಿಯೇ ಮುಂದುವರಿದರು. ಮೂರನೆಯ ಪತ್ನಿ ಮರಿಯಾ ಅವರಿಂದ ಅವಳಿ ಹೆಣ್ಣುಮಕ್ಕಳಾದರು.

ಕೊನೆಯ ವರ್ಷಗಳು

1960ರ ದಶಕದಲ್ಲಿ ಗುಪ್ತಚರ ಇಲಾಖೆಯನ್ನು ಬಿಟ್ಟ ಥೆರೆಮಿನ್ ಮಾಸ್ಕೋ ಸಂಗೀತ ಮಹಾಶಾಲೆಯಲ್ಲಿ ಮತ್ತೆ ವಾದ್ಯಗಳ ನಿರ್ಮಾಣಕ್ಕೆ ತೊಡಗಿದರು. 1967ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಗೀತ ವಿಮರ್ಶಕ ಹೆರಾಲ್ಡ್ ಶೋನ್‌ಬರ್ಗ್ ಅವರನ್ನು ಅಲ್ಲಿ ಕಂಡು ಲೇಖನ ಬರೆದರು. ಸತ್ತರೆಂದೇ ಪಶ್ಚಿಮದಲ್ಲಿ ಹಲವರು ತಿಳಿದಿದ್ದ ವ್ಯಕ್ತಿ ಬದುಕಿರುವ ಸಂಗತಿ ಹೀಗೆ ಹೊರಬಿತ್ತು. ಆ ಲೇಖನವೇ ಅವರಿಗೆ ಮುಳುವಾಯಿತು. ಅವರನ್ನು ಕೆಲಸದಿಂದ ತೆಗೆದು, ವಾದ್ಯಗಳನ್ನು ನಾಶಪಡಿಸಲಾಯಿತು. ಅನಂತರ ಅವರು ಮಾಸ್ಕೋ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ ದುಡಿದರು. ಬಂಧುಗಳ ಮನೆಯ ಬಾಲಕಿ ಲಿಡಿಯಾ ಕವಿನಾ ಅವರಿಗೆ ವಾದನವನ್ನು ಕಲಿಸಿದರು. ಕವಿನಾ ಇಂದು ವಿಶ್ವಖ್ಯಾತಿಯ ಥೆರೆಮಿನ್ ವಾದಕಿ.

1989ರಲ್ಲಿ ಅವರಿಗೆ ಫ್ರಾನ್ಸ್‌ಗೆ ಹೋಗುವ ಅವಕಾಶ ದೊರೆಯಿತು. 1991ರಲ್ಲಿ ಅಮೆರಿಕಕ್ಕೆ ಭೇಟಿ ನೀಡಿ, ಐದು ದಶಕಗಳ ಅಗಲಿಕೆಯ ಬಳಿಕ ಕ್ಲಾರಾ ರಾಕ್‌ಮೋರ್ ಅವರನ್ನು ಕಂಡರು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ಅದೇ ವರ್ಷ ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ಪಡೆದರು. ಲೆನಿನ್ ಅವರಿಗೆ ಕೊಟ್ಟ ಮಾತನ್ನು ನಡೆಸಿದುದಾಗಿ ಅದಕ್ಕೆ ಕಾರಣ ನೀಡಿದರು. 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ ನಿಧನರಾದರು.

ಪ್ರಭಾವ

ಹಾಲಿವುಡ್ ಚಿತ್ರಗಳಾದ 'ಸ್ಪೆಲ್‌ಬೌಂಡ್' (1945) ಮತ್ತು 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್' (1951)ಗಳ ಹಿನ್ನೆಲೆ ಸಂಗೀತದಲ್ಲಿ ಥೆರೆಮಿನ್ ನಾದವನ್ನು ಬಳಸಲಾಯಿತು. ಅಮೆರಿಕದ ರಾಬರ್ಟ್ ಮೂಗ್ ಅವರು ವಿದ್ಯಾರ್ಥಿ ದೆಸೆಯಲ್ಲಿ ಥೆರೆಮಿನ್‌ಗಳನ್ನು ತಯಾರಿಸಿ ಮಾರುತ್ತಲೇ ಸ್ವರಯಂತ್ರಗಳ ಮರ್ಮವನ್ನು ಅರಿತರು. 1964ರಲ್ಲಿ ಅವರು ರೂಪಿಸಿದ ಸಿಂಥಸೈಸರ್ ಜನಪ್ರಿಯ ಸಂಗೀತದ ದಿಕ್ಕನ್ನೇ ಬದಲಿಸಿತು. ಈ ಪರಂಪರೆ ಹೊರದೇಶಗಳಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ ಅದರ ಜನಕರು ತಮ್ಮ ಹೆಸರನ್ನೂ ಹೊರಗೆಡಹಲಾಗದ ರಹಸ್ಯ ಪ್ರಯೋಗಾಲಯಗಳಲ್ಲಿ ದುಡಿಯುತ್ತಿದ್ದರು. ಅವರ ಬದುಕನ್ನು ಕುರಿತು ಸ್ಟೀವನ್ ಮಾರ್ಟಿನ್ ನಿರ್ದೇಶಿಸಿದ ಸಾಕ್ಷ್ಯಚಿತ್ರವು ಅವರು ತೀರಿಕೊಂಡ ವರ್ಷವೇ ತೆರೆಕಂಡಿತು.