ರಹೀಮ್ ಸಾಬರ ಆರಂಭಿಕ ಶಿಲ್ಕು



ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಿದೆ. ಕಾಲೇಜಿನಲ್ಲಿ ಎಲ್ಲಿ ನಾಲ್ಕು ಜನ ನಿಂತರೂ ಈಗ ಅದೇ ಮಾತು. ಈ ಸಲ ನಮ್ಮವರು ಗೆಲ್ಲುತ್ತಾರಾ? ಹೋದ ವರ್ಷದ ಚೆನ್ನಾಗಿ ಆಡುವವರೆಲ್ಲ ದ್ವಿತೀಯ ಪಿಯುಸಿ ಮುಗಿಸಿ ಹೋದರಲ್ಲ, ಇನ್ನು ಯಾರಿದ್ದಾರೆ? ಆಟ ಶುರುವಾಗುವ ಮುಂಚೆ ಆಸೆಯೂ ಇರುತ್ತದೆ, ಎದೆ ಢವಢವವೂ ಇರುತ್ತದೆ. ನಮ್ಮ ಕಡೆ ರೈತರು ಮುಂಗಾರಿಗೆ ಮುಂಚೆ ಮುಗಿಲು ನೋಡುವುದು, ನಾರಾಯಣಪುರ ಬಲದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕೇಳುವುದು ಕೂಡ ಇದೇ ತರಹ. ಆರ್‌ಸಿಬಿ ಅಭಿಮಾನಿಗಳಂತೂ 2008ರಿಂದ 2025ರವರೆಗೆ ಪ್ರತಿ ಸೀಸನ್ನಿನ ಮೊದಲ ದಿನ ಇದನ್ನೇ ಅನುಭವಿಸಿದರು.

ಈ ಆಸೆ ಮತ್ತು ಆತಂಕವನ್ನು ಏನು ಮಾಡಬೇಕು ಎಂದು ಚೆನ್ನಾಗಿ ತಿಳಿದಿದ್ದ ಒಬ್ಬರ ಬಗ್ಗೆ ನಾನು ಬರೆಯುತ್ತಿದ್ದೇನೆ. ಅವರು ಸೈಯದ್ ಅಬ್ದುಲ್ ರಹೀಮ್. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ರಹೀಮ್ ಸಾಬ್ ಎಂದು. 2024ರಲ್ಲಿ ಬಂದ ಮೈದಾನ್ ಎಂಬ ಹಿಂದಿ ಸಿನಿಮಾದಲ್ಲಿ ಅಜಯ್ ದೇವಗನ್ ಮಾಡಿದ್ದು ಇವರ ಪಾತ್ರವನ್ನೇ. ನಮ್ಮಲ್ಲಿ ಹಲವರಿಗೆ ಅವರು ಆ ಸಿನಿಮಾದಿಂದ ಮಾತ್ರ ಗೊತ್ತು. ಆದರೆ ಅವರು ನಮಗೆ ಅದಕ್ಕಿಂತ ಹತ್ತಿರದವರು.

ರಹೀಮ್ ಸಾಬ್ ಹುಟ್ಟಿದ್ದು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ. ಆಗ ನಮ್ಮ ರಾಯಚೂರು ಜಿಲ್ಲೆಯೂ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ನಮ್ಮ ದಾದಾ ಹುಟ್ಟಿದ್ದು ಆ ಕಾಲದಲ್ಲೇ. ಈಗಲೂ ಅವರ ಬಾಯಲ್ಲಿ ಹೈದರಾಬಾದ್ ಎಂದರೆ ಬೇರೆ ರಾಜ್ಯದ ಊರಲ್ಲ, ರಾಜಧಾನಿಯೇ. ಆ ಲೆಕ್ಕದಲ್ಲಿ ರಹೀಮ್ ಸಾಬರ ತಂಡ ನಮ್ಮ ರಾಜ್ಯದ ತಂಡವಾಗಿತ್ತು.

ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದಿದರು, ಅಲ್ಲಿನ ತಂಡದಲ್ಲಿ ಫುಟ್‌ಬಾಲ್ ಆಡಿದರು. ಆಮೇಲೆ ಶಾಲಾ ಮಾಸ್ತರರಾದರು. ಕಾಚಿಗುಡ, ಚಾದರ್‌ಘಾಟ್ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ, ಸಾಯುವವರೆಗೂ ಆ ಕೆಲಸ ಮಾಡಿದರು. ದೇಶದ ತಂಡಕ್ಕೆ ತರಬೇತಿ ಕೊಟ್ಟವರು ಮೂಲತಃ ಒಬ್ಬ ಮಾಸ್ತರರು ಎಂಬುದನ್ನು ನಾನು ಬೇಕೆಂದೇ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ. ಆಟ ಆಡಿದರೆ ಓದು ಹಾಳು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅವರಿಗೆ ಈ ವಿಷಯ ತಿಳಿಸಬಹುದು.

1950ರಿಂದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದರು. ಆ ವರ್ಷವೇ ತಂಡ ಡುರಾಂಡ್ ಕಪ್ ಗೆದ್ದಿತು. ಬೊಂಬಾಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದಿತು. ಒಂದು ಸಲ ಗೆದ್ದ ತಂಡದ ಅಭಿಮಾನಿಗೆ ಮುಂದಿನ ವರ್ಷ ಆಸೆ ಇರುತ್ತದೆ. ನಾಲ್ಕು ಸಲ ಗೆದ್ದ ತಂಡದ ಅಭಿಮಾನಿಗೆ ಐದನೇ ವರ್ಷ ಭಯವೇ ಜಾಸ್ತಿ, ಏಕೆಂದರೆ ಕಳೆದುಕೊಳ್ಳಲು ಬಹಳ ಇರುತ್ತದೆ. ಮೇಲಾಗಿ ಆಗ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ದಕ್ಷಿಣದ ಒಳ್ಳೆಯ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದವು. ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ ಹೆಸರಾದರು. ಮುಂದೆ ಸಿಕಂದರಾಬಾದಿನ ತುಳಸಿದಾಸ್ ಬಲರಾಮ್ ಕೂಡ ಅಲ್ಲಿಗೇ ಹೋದರು. ಈ ಸಲ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬ ಚಿಂತೆ ಅಂದಿನದೂ ಹೌದು, ಇಂದಿನದೂ ಹೌದು.

ರಹೀಮ್ ಸಾಬ್ ಈ ಚಿಂತೆಗೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಯಾರು ಹೋದರೂ ಹೊಸಬರು ತಯಾರಿರಬೇಕು ಎಂದು ಅವರು ಎಳೆಯರಿಗಾಗಿ ವಿಚಿತ್ರ ಪಂದ್ಯಾವಳಿಗಳನ್ನು ನಡೆಸಿದರು. ಒಂದರಲ್ಲಿ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಓಡುವಂತಿಲ್ಲ, ಬಂದ ಕೂಡಲೇ ಪಾಸ್ ಕೊಡಬೇಕು. ಇನ್ನೊಂದರಲ್ಲಿ ಬಲಗಾಲಿನವರು ಎಡಗಾಲಲ್ಲಿ, ಎಡಗಾಲಿನವರು ಬಲಗಾಲಲ್ಲಿ ಆಡಬೇಕು. ಬಾರದ ಕಾಲನ್ನು ಪಳಗಿಸಿದ ಮೇಲೆ ಎದುರಾಳಿಗೆ ಯಾವ ಕಡೆ ತಡೆಯಬೇಕೆಂದೇ ತಿಳಿಯದು. ಇದನ್ನು ಓದಿದಾಗ ನನಗೆ ನನ್ನ ಕನ್ನಡ ನೆನಪಾಯಿತು. ಮನೆಯಲ್ಲಿ ನಾವು ಆಡುವುದು ಉರ್ದು. ಕನ್ನಡ ನನ್ನ ಎಡಗಾಲು. ಆಡುತ್ತಾ ಆಡುತ್ತಾ ಅದೂ ಬರುತ್ತದೆ.

ಭಾರತ ತಂಡದ ಹೊಣೆಯೂ ಅವರ ಮೇಲೆ ಬಂತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಮೇವಾಲಾಲ್ ಹೊಡೆದ ಗೋಲಿನಿಂದ ಇರಾನನ್ನು 1-0ರಲ್ಲಿ ಸೋಲಿಸಿ ಚಿನ್ನ ಗೆದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೊರಟಾಗ ಎಷ್ಟು ಆಸೆ ಇದ್ದಿರಬೇಕು! ಅಲ್ಲಿ ಮೊದಲ ಪಂದ್ಯದಲ್ಲೇ ಯುಗೊಸ್ಲಾವಿಯಾ ಎದುರು 10-1ರ ಸೋಲು. ನಮ್ಮ ಒಂದೇ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು.

ನಾಲ್ಕು ವರ್ಷ ಕಳೆಯಿತು. 1956ರ ನವೆಂಬರ್ 1ರಂದು ನಮ್ಮ ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್ ಸಾಬರ ತಂಡ ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ಮುಟ್ಟಿದ ಏಷ್ಯಾದ ಮೊದಲ ತಂಡ ನಮ್ಮದು. ಆ ತಂಡದಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. ಹಳೆಯ ರಾಜ್ಯದ ಗುರು, ಹೊಸ ರಾಜ್ಯದ ಆಟಗಾರ, ಎರಡೂ ನಮ್ಮವೇ! ಸೆಮಿಫೈನಲ್‌ನಲ್ಲಿ ಮತ್ತೆ ಎದುರಾದದ್ದು ಯುಗೊಸ್ಲಾವಿಯಾ. ಈ ಸಲವೂ ಸೋಲೇ, ಆದರೆ 4-1. ಕೊನೆಗೆ ನಾಲ್ಕನೇ ಸ್ಥಾನ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಇದು ಲೆಕ್ಕಪುಸ್ತಕದಂತೆ ಕಾಣುತ್ತದೆ. ಹಿಂದಿನ ವರ್ಷದ ಅಂತಿಮ ಶಿಲ್ಕೇ ಈ ವರ್ಷದ ಆರಂಭಿಕ ಶಿಲ್ಕು. ಅಭಿಮಾನಿಗಳು ಪ್ರತಿ ಸೀಸನ್ನಿಗೂ ಹೊಸ ಪುಸ್ತಕ ತೆರೆದು ಮೊದಲ ಸಾಲಿನಲ್ಲಿ ಆಸೆ ಎಂದು ಬರೆಯುತ್ತಾರೆ. ರಹೀಮ್ ಸಾಬ್ ಹಾಗಲ್ಲ. 10-1ರ ನಷ್ಟವನ್ನೂ ಮುಚ್ಚಿಡದೆ ಮುಂದಿನ ಪುಟಕ್ಕೆ ತಂದರು. ಅದನ್ನು ನೋಡಿಕೊಂಡೇ ಏನು ಕೊರತೆ, ಎಷ್ಟು ಕೆಲಸ ಎಂದು ಲೆಕ್ಕ ಹಾಕಿದರು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಜೊತೆ 1-1 ಸಮ ಮಾಡಿದರೂ ಮುಂದೆ ಹೋಗಲಾಗಲಿಲ್ಲ. ಆ ತಂಡದಲ್ಲಿ ಅವರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಇದ್ದರು, ಆದರೆ ಆಡುವ ಅವಕಾಶ ಸಿಗಲಿಲ್ಲ. ತಂದೆಯೇ ತರಬೇತುದಾರರಾಗಿದ್ದರೂ ಸಿಗಲಿಲ್ಲ ಎಂಬುದನ್ನು ಗಮನಿಸಿ. ಈ ಹಕೀಮ್ ಸಾಬ್ ಮುಂದೆ ಅಂತರರಾಷ್ಟ್ರೀಯ ರೆಫರಿಯಾದರು. 2021ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡದ್ದು ನಮ್ಮ ಕಲಬುರಗಿಯಲ್ಲಿ.

ಇನ್ನು 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0ರ ಸೋಲು. ಅಭಿಮಾನಿ ಎನ್ನುವವನು ಇಂಥ ದಿನ ರೇಡಿಯೋ ಬಂದ್ ಮಾಡುತ್ತಾನೆ. ಆದರೆ ತಂಡ ಥಾಯ್ಲೆಂಡನ್ನು 4-1, ಜಪಾನನ್ನು 2-0, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಮನ್ನು 3-2ರಿಂದ ಸೋಲಿಸಿತು. ಫೈನಲ್‌ನಲ್ಲಿ ಮತ್ತೆ ಅದೇ ದಕ್ಷಿಣ ಕೊರಿಯಾ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕ್ರೀಡಾಕೂಟದಿಂದ ದೂರ ಇಟ್ಟದ್ದನ್ನು ಭಾರತದ ಅಧಿಕಾರಿಯೊಬ್ಬರು ವಿರೋಧಿಸಿದ್ದರಿಂದ ಕ್ರೀಡಾಂಗಣ ತುಂಬಾ ಜನ ನಮ್ಮ ವಿರುದ್ಧವೇ ಕೂಗುತ್ತಿದ್ದರು. ತಂಡದಲ್ಲಿಯೂ ಕಷ್ಟಗಳಿದ್ದವು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಸಾಬ್ ಅವರನ್ನು ಹಿಂದಿನಿಂದ ತೆಗೆದು ಮುಂಚೂಣಿಯಲ್ಲಿ ನಿಲ್ಲಿಸಿದರು. ಸೆಮಿಫೈನಲ್ ಆಡದಿದ್ದ ಪೀಟರ್ ತಂಗರಾಜ್ ಅವರನ್ನು ಮತ್ತೆ ಗೋಲಿಗೆ ಕರೆದರು. ಸೆಪ್ಟೆಂಬರ್ 4ರಂದು ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದು 2-1ರಿಂದ ಚಿನ್ನ ತಂದರು. ನಾಯಕ ಚುನಿ ಗೋಸ್ವಾಮಿ. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು. ಬಂಗಾಳಿ, ಪಂಜಾಬಿ, ತಮಿಳು, ತೆಲುಗು, ಉರ್ದು ಮಾತಾಡುವ ಹುಡುಗರೆಲ್ಲ ಒಬ್ಬ ಮಾಸ್ತರರ ಮಾತು ಕೇಳಿ ಆಡಿದ ತಂಡ ಅದು.

ಒಂದು ವರ್ಷವೂ ತುಂಬಲಿಲ್ಲ. 1963ರ ಜೂನ್ 11ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ರಹೀಮ್ ಸಾಬ್ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅವರ ನಂತರ ಭಾರತ ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಚಿನ್ನ ಗೆದ್ದೇ ಇಲ್ಲ. 1970ರಲ್ಲಿ ಒಂದು ಕಂಚು ಬಂತು, ಅಷ್ಟೇ. ಅಭಿಮಾನಿಗಳ ಆಸೆ ಮಾತ್ರ ಕಡಿಮೆಯಾಗಿಲ್ಲ. ಅವರಿಟ್ಟು ಹೋದ ಶಿಲ್ಕಿನಿಂದ ತೆಗೆಯುತ್ತಲೇ ಹೋದೆವು, ಜಮಾ ಮಾಡಿದ್ದು ಕಡಿಮೆ ಎಂದು ನನಗೆ ಅನಿಸುತ್ತದೆ.

ನಮ್ಮ ತಂಡ ಈ ಸಲ ಗೆಲ್ಲುತ್ತದೋ ಇಲ್ಲವೋ, ಗೆಲ್ಲಲಿ ಎಂಬುದು ನನ್ನ ದುವಾ. ನಾವೆಲ್ಲ ಹೋಗಿ ಕೂಗೋಣ, ಖಂಡಿತ. ಆದರೆ ಪ್ರಥಮ ಪಿಯುಸಿ ಹುಡುಗರು ಸಂಜೆ ಮೈದಾನಕ್ಕೆ ಬರುತ್ತಿದ್ದಾರಾ, ಅವರಿಗೆ ಚೆಂಡು ಸಿಗುತ್ತಿದೆಯಾ ಎಂದೂ ಒಮ್ಮೆ ನೋಡೋಣ. ನಾವು ಹೋದ ಮೇಲೆ ಮುಂದಿನ ವರ್ಷದ ಆರಂಭಿಕ ಶಿಲ್ಕು ಅವರೇ.