ಜುಟ್ಟಿನ ಹಿಂದಿನ ಕವಿ

ಕಾರ್ಟೂನಿನ ತೆನಾಲಿ ರಾಮ ಯಾರಿಗೆ ಗೊತ್ತಿಲ್ಲ? ಜುಟ್ಟು, ತುಂಟ ನಗು, ಆಸ್ಥಾನವನ್ನೆಲ್ಲ ಬೇಸ್ತು ಬೀಳಿಸುವ ಜಾಣತನ. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ಗೂ ಬಂದ. ಆದರೆ ಆ ನಗುವಿನಲ್ಲಿ ನಿಜವಾದ ಕವಿಯೇ ಮರೆಯಾದನಲ್ಲ ಎಂಬುದು ನನ್ನ ಬೇಸರ.

16ನೇ ಶತಮಾನದ ಈ ತೆಲುಗು ಕವಿ ಶೈವ ಮನೆತನದವನು. ಮೊದಲ ಹೆಸರು ರಾಮಲಿಂಗ ಎನ್ನುತ್ತಾರೆ. ಶಿವಭಕ್ತನೊಬ್ಬನ ಕುರಿತು ‘ಉದ್ಭಟಾರಾಧ್ಯ ಚರಿತ್ರಮು’ ಬರೆದ. ಆಮೇಲೆ ವೈಷ್ಣವದತ್ತ ಹೊರಳಿ ರಾಮಕೃಷ್ಣನಾದ. ಕೃಷ್ಣದೇವರಾಯನ (1509–1529) ಅಷ್ಟದಿಗ್ಗಜರಲ್ಲಿ ಒಬ್ಬನೆಂಬುದು ಪರಂಪರೆಯ ಮಾತು. ಬೆಕ್ಕಿಗೆ ಬಿಸಿ ಹಾಲಿಟ್ಟಂಥ ಕಥೆಗಳೆಲ್ಲ ಜನರ ಬಾಯಲ್ಲಿ ಬೆಳೆದವು. ‘ವಿಕಟಕವಿ’ ಎಂಬ ಬಿರುದೂ ಅಂಟಿತು. (ಹಿಂದಿನಿಂದ ಓದಿ ನೋಡಿ, ಅದೇ ಪದ!)

ಅವನ ದೊಡ್ಡ ಕೃತಿ ‘ಪಾಂಡುರಂಗ ಮಾಹಾತ್ಮ್ಯಮು’. ನಮ್ಮ ಕಾಳಗಿ ಕಡೆಯ ಜನ ಆಷಾಢ ಏಕಾದಶಿಗೆ ಹೋಗುತ್ತಾರಲ್ಲ, ಅದೇ ಪಂಢರಪುರದ ಮಹಿಮೆ. ತೆಲುಗು ಬಲ್ಲ ಸೇಡಂನ ಗೆಳೆಯ ಅದರಲ್ಲಿನ ನಿಗಮಶರ್ಮನ ಕಥೆ ಹೇಳಿದ. ಒಳ್ಳೆಯ ಮನೆಯ ಹುಡುಗ, ದುಶ್ಚಟಕ್ಕೆ ಬಿದ್ದು ಆಸ್ತಿ ಕರಗಿಸುತ್ತಾನೆ. ಅಕ್ಕ ಗಂಡನ ಮನೆಯಿಂದ ಬಂದು, ಉಣಬಡಿಸಿ, ಮೆಲ್ಲಗೆ ಬುದ್ಧಿ ಹೇಳುತ್ತಾಳೆ. ತಮ್ಮ ತಿದ್ದಿಕೊಂಡವನಂತೆ ನಾಲ್ಕು ದಿನ ಇರುತ್ತಾನೆ. ಒಂದು ರಾತ್ರಿ ಮನೆಯ ಒಡವೆಗಳನ್ನೆಲ್ಲ ಬಾಚಿಕೊಂಡು ಪರಾರಿ! ಬೆಳಗಾದರೆ ಮನೆಯವರೆಲ್ಲ ಗೋಳಾಡುತ್ತಾರೆ. ಅಕ್ಕ ಅಳುವುದು ಮಾತ್ರ ತನ್ನ ಹೊಸ ಮೂಗುತಿಗಾಗಿ.