ಪೆನ್ನಾಗರಂ ಕಾಡುದಾರಿ ಸವೆಸಿದ ಬೆಂಗಳೂರಿನ ದೊರೆ

ಪೆನ್ನಾಗರಂ ದಾಟಿ ಹೊಗೇನಕಲ್ ಕಡೆಗೆ ಬಸ್ಸು ಇಳಿಯತೊಡಗಿದರೆ ಎರಡೂ ಕಡೆ ಕಾಡು. ಬಿಸಿಲಿಗೆ ಒಣಗಿದ ಬಿದಿರು, ಮುಳ್ಳುಪೊದೆ, ಬಂಡೆ. ಜಲಪಾತ ನೋಡಿ ಮೀನೂಟ ಮಾಡಿ ಸಂಜೆಗೆ ವಾಪಸಾಗುವ ಪ್ರವಾಸಿಗರು ಈ ಕಾಡಿನತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಇದೇ ಕಾಡಿನಲ್ಲಿ ದಿನಗಟ್ಟಲೆ ನಡೆದು, ಹಳ್ಳದ ಮರಳಿನ ಮೇಲೆ ಮಲಗಿ, ಇಲ್ಲಿನ ಕುಗ್ರಾಮಗಳ ಹೆಸರನ್ನು ಲಂಡನ್ನಿನ ಪುಸ್ತಕದಂಗಡಿಯವರೆಗೂ ಕೊಂಡೊಯ್ದ ಒಬ್ಬ ಮನುಷ್ಯನಿದ್ದ. ಅವನೇ ಕೆನೆತ್ ಆಂಡರ್ಸನ್.

ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಬಳಿಯ ಬೊಲಾರಂನಲ್ಲಿ. ಆರು ತಲೆಮಾರಿನಿಂದ ಭಾರತದಲ್ಲೇ ನೆಲೆಸಿದ್ದ ಸ್ಕಾಟ್ ಕುಟುಂಬ. ತಂದೆ ಸೈನ್ಯದ ಲೆಕ್ಕಪತ್ರ ಇಲಾಖೆಯಲ್ಲಿದ್ದರು. ಮಗನಿಗೆ ಕಾಡಿನ ಹುಚ್ಚು ಹಿಡಿಸಿದವರೂ ಅವರೇ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿದ ಹುಡುಗನನ್ನು ಕಾನೂನು ಕಲಿಯಲೆಂದು ಎಡಿನ್‌ಬರೋಗೆ ಕಳಿಸಿದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದು ಅರ್ಧಕ್ಕೆ ಬಿಟ್ಟು ಬಂದುಬಿಟ್ಟ. ಆಮೇಲೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ 15 ವರ್ಷ ಕೆಲಸ, ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿ. ಮದುವೆ, ಮಗಳು, ಮಗ. ಇಷ್ಟೇ ಆಗಿದ್ದರೆ ಅವನ ಹೆಸರು ಇಂದು ಯಾರಿಗೂ ನೆನಪಿರುತ್ತಿರಲಿಲ್ಲ.

ರಜೆ ಸಿಕ್ಕರೆ ಸಾಕು, ಸ್ಟೂಡಿಬೇಕರ್ ಕಾರು ಹೊಸೂರಿನ ಕಡೆ ಹೊರಡುತ್ತಿತ್ತು. ಹೊಸೂರು, ದೇನಕನಕೋಟೆ, ಅಂಚೆಟ್ಟಿ ಎಲ್ಲ ಆಗ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆ. ಧರ್ಮಪುರಿ ಬೇರೆ ಜಿಲ್ಲೆಯಾಗಿದ್ದು 1965ರಲ್ಲಿ, ಕೃಷ್ಣಗಿರಿ 2004ರಲ್ಲಿ. ಕಾರು ನಿಂತ ಕಡೆಯಿಂದ ಕಾಲ್ನಡಿಗೆ. ರೈಫಲ್, ಟಾರ್ಚು, ಫ್ಲಾಸ್ಕಿನಲ್ಲಿ ಟೀ, ಬಾಯಲ್ಲಿ ಪೈಪು. ಬೆಟ್ಟಮುಗಿಲಾಳದ ಎತ್ತರ, ಗುತ್ತಿರಾಯನ ಶಿಖರ, ಅಂಚೆಟ್ಟಿಯ ದೊಡ್ಡಹಳ್ಳ, ಮುತ್ತೂರು, ಕಾವೇರಿ ಸೇರುವ ಚಿನ್ನಾರು. ಈ ಹೆಸರುಗಳನ್ನೇ ನೋಡಿ. ಬೆಟ್ಟ, ಹಳ್ಳ, ಹೊಗೆ, ಕಲ್ಲು ಎಲ್ಲ ಕನ್ನಡ. ಊರಿನ ಬೋರ್ಡು ತಮಿಳಿನಲ್ಲಿದ್ದರೂ ಹೆಸರು ತನ್ನ ಭಾಷೆಯನ್ನು ಬಿಟ್ಟಿಲ್ಲ. ಆಂಡರ್ಸನ್ ಎರಡೂ ಭಾಷೆ ಬಲ್ಲವನು. ದುಭಾಷಿ ಇಲ್ಲದೆ ಜಗಲಿಯ ಮೇಲೆ ಕೂತು ಮಾತಾಡಬಲ್ಲವನಾಗಿದ್ದ. ಅವನ ಬೇಟೆಗೆ ರೈಫಲ್‌ನಷ್ಟೇ ಇದೂ ನೆರವಾಯಿತು.

ತಳಿ ಸಮೀಪದ ಗುಮ್ಮಳಾಪುರದ ಚಿರತೆ ಕಥೆ ಗಡಿಭಾಗದಲ್ಲಿ ಇನ್ನೂ ಕೆಲವರಿಗೆ ಗೊತ್ತು. ಆಂಡರ್ಸನ್ ಬರೆದಿರುವ ಪ್ರಕಾರ ಅದು 42 ಜನರನ್ನು ಕೊಂದಿತ್ತು. ಕತ್ತಲಾದರೆ ಬಾಗಿಲು ತೆರೆಯುವವರಿಲ್ಲ. ಹುಲ್ಲಿನ ಸೂರು, ತಟ್ಟಿಗೋಡೆ ಕಿತ್ತು ಒಳಗೆ ನುಗ್ಗುತ್ತಿತ್ತು. ಕೊನೆಗೆ ಹೊಡೆದು ನೋಡಿದಾಗ ಪಾದದಲ್ಲಿ ಮುಳ್ಳುಹಂದಿಯ ಮುಳ್ಳು ಮುರಿದು ಕೂತಿತ್ತು. ಓಡುವ ಬೇಟೆ ಹಿಡಿಯಲಾಗದ ಪ್ರಾಣಿ ಮನುಷ್ಯನತ್ತ ತಿರುಗಿತ್ತು. ಜವಳಗಿರಿಯ ಹೆಣ್ಣುಹುಲಿಯನ್ನು ಗಂಡುಹುಲಿಯ ದನಿ ಅನುಕರಿಸಿ ಕರೆದು ಹೊಡೆದ. ಪೆನ್ನಾಗರಂ ಸುತ್ತಿನ ಕಾಡಿನಲ್ಲಿ ಪನಪಟ್ಟಿಯ ಪುಂಡಾನೆಯ ಬೆನ್ನುಹತ್ತಿದ. 1939ರಿಂದ 1966ರ ನಡುವೆ ಸರಕಾರಿ ದಾಖಲೆಯಲ್ಲಿ ಅವನ ಹೆಸರಿನಲ್ಲಿರುವುದು 8 ನರಭಕ್ಷಕ ಚಿರತೆ, 7 ಹುಲಿ. ಅವನ ಕಥೆಗಳಲ್ಲಿ ಉಪ್ಪುಖಾರ ಜಾಸ್ತಿ ಎನ್ನುವವರಿದ್ದಾರೆ. ಇರಬಹುದು, ಬೇಟೆಗಾರರು ಹೇಳುವ ಕಥೆ ಯಾವಾಗ ಸಪ್ಪೆಯಾಗಿತ್ತು? ಆದರೆ ದಾರಿ, ಹಳ್ಳ, ಊರುಗಳ ವಿಷಯದಲ್ಲಿ ಅವನ ಬರಹ ಈ ನೆಲದಲ್ಲಿ ನಡೆದು ಬರೆದದ್ದೆಂದು ಓದಿದರೇ ತಿಳಿಯುತ್ತದೆ.

ಈ ದಾರಿಗಳನ್ನು ಅವನಿಗೆ ಕಲಿಸಿದವರು ಯಾರು? ಚಿನ್ನಾರಿನ ದಂಡೆಯಲ್ಲಿ ಬಿಲ ತೋಡಿಕೊಂಡು, ಲಂಗೋಟಿಯಲ್ಲೇ ಬದುಕುತ್ತಿದ್ದ ಪೂಜಾರಿ ಬುಡಕಟ್ಟಿನ ಬೈರ. ಪೆನ್ನಾಗರಂನ ರಂಗ, ಎತ್ತಿನಗಾಡಿ ಹೊಡೆಯುತ್ತಿದ್ದವನು, ಆಮೇಲೆ ಶಿಕಾರಿಯಾದ. ಇಬ್ಬರೂ ಕಳ್ಳಬೇಟೆಯಲ್ಲಿ ಪಳಗಿದವರೇ. ದೊರೆ ಅದನ್ನು ಮುಚ್ಚಿಟ್ಟಿಲ್ಲ, ಆದರೆ ಅವರನ್ನು ಬರೇ ಆಳುಗಳೆಂದು ಬರೆದಿಲ್ಲ. ಹೆಜ್ಜೆಗುರುತು ಓದುವುದು, ಕಡವೆಯ ಕೂಗಿನಿಂದ ಹುಲಿಯ ದಿಕ್ಕು ಹಿಡಿಯುವುದು, ಬೇಸಿಗೆಯಲ್ಲಿ ಮರಳು ತೋಡಿ ನೀರು ಕಾಣುವುದು ಇಂಥವರ ವಿದ್ಯೆ. ಆ ಕಾಲದ ಬೇರೆ ಶಿಕಾರಿ ಪುಸ್ತಕಗಳಲ್ಲಿ ಇಂಥವರಿಗೆ ಹೆಸರೇ ಇರುತ್ತಿರಲಿಲ್ಲ. ಆದರೂ ಪುಸ್ತಕದ ಮೇಲೆ ಅಚ್ಚಾದದ್ದು ಒಬ್ಬನ ಹೆಸರು ಮಾತ್ರ ಎಂಬುದನ್ನೂ ಮರೆಯುವಂತಿಲ್ಲ.

ಮೊದಲ ಪುಸ್ತಕ 1954ರಲ್ಲಿ ಬಂತು. ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆಯ ಕಥೆಗಳು. ಆಮೇಲೆ ಒಂದರ ಹಿಂದೆ ಒಂದು. ವರ್ಷ ಕಳೆದಂತೆ ರೈಫಲ್‌ನ ಕಥೆ ಕಡಿಮೆಯಾಗಿ ಕಾಡಿನ ರಾತ್ರಿಗಳ ವರ್ಣನೆ ಹೆಚ್ಚಿತು. ಬಂದೂಕಿಲ್ಲದೆ ಒಬ್ಬನೇ ಕಾಡಿಗೆ ಹೋಗಿ ಸುಮ್ಮನೆ ಕೂರುವುದೂ ಇತ್ತು. ಗಿಡಮೂಲಿಕೆ, ಮಾಟಮಂತ್ರ ಎಂದರೂ ಕುತೂಹಲ. ಕಣ್ಣೆದುರೇ ಕಾಡು ಬರಿದಾಗುತ್ತಿರುವುದನ್ನು ಅವನು ಬರೆದ. ಬರಿದಾಗಲು ಬೇಟೆಗಾರರೂ ಕಾರಣರಲ್ಲವೇ ಎಂದು ಇಂದಿನ ಓದುಗರು ಕೇಳಿದರೆ ಅದೂ ನ್ಯಾಯವೇ. ವನ್ಯಜೀವಿ ರಕ್ಷಣಾ ಕಾಯ್ದೆ 1972ರಲ್ಲಿ ಬಂದು ಶಿಕಾರಿಯ ಕಾಲ ಮುಗಿಯಿತು. ಎರಡು ವರ್ಷದ ನಂತರ, 1974ರ ಆಗಸ್ಟ್ 30ರಂದು, ಕ್ಯಾನ್ಸರ್‌ನಿಂದ ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡ. ಕೊನೆಯ ಪುಸ್ತಕ ಅಚ್ಚಾಗಿದ್ದು 1976ರಲ್ಲಿ. ತಂದೆಯಂತೆಯೇ ಶಿಕಾರಿಯಾಗಿದ್ದ ಮಗ ಡೊನಾಲ್ಡ್ 2014ರಲ್ಲಿ ನಿಧನರಾದರು.

ನಮ್ಮ ಊರುಗಳ ಕಥೆ ನಮ್ಮವರ ಕೈಗೆ ಸಿಕ್ಕಿದ್ದು ತಡವಾಗಿ. ಇಂಗ್ಲಿಷಿನಲ್ಲಿದ್ದ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ತೊಂಬತ್ತರ ದಶಕದಲ್ಲಿ 'ಕಾಡಿನ ಕತೆಗಳು' ಹೆಸರಿನಲ್ಲಿ ನಾಲ್ಕು ಭಾಗಗಳಾಗಿ ಕನ್ನಡಕ್ಕೆ ತಂದರು. ಆದರೆ ಓದಿ ಆಸೆಪಟ್ಟವರು ಈ ದಾರಿಗಳಲ್ಲಿ ನಡೆಯುವಂತಿರಲಿಲ್ಲ. ಆಗ ಇಡೀ ಕಾವೇರಿ ಕಾಡಿಗೆ ವೀರಪ್ಪನ್ ಭಯ. ಅವನು 2004ರ ಅಕ್ಟೋಬರ್ 18ರಂದು ಗುಂಡಿಗೆ ಬಿದ್ದದ್ದು ಪಾಪಾರಪಟ್ಟಿ ಬಳಿ, ಪೆನ್ನಾಗರಂಗೆ ಹತ್ತಿರದಲ್ಲೇ.

ಈ ಭಾಗದ ಕಾಡು 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿ ಧಾಮವಾಯಿತು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ದೊರೆ ಮಲಗುತ್ತಿದ್ದ ಚಿನ್ನಾರಿನ ಮರಳಿನ ಮೇಲೆ ಈಗ ರಾತ್ರಿ ಓಡಾಡುವುದು ಆನೆಗಳು ಮಾತ್ರ.